ಐದು ಗಂಟೆಯ ಮುದ್ರೆ

ಐದಕ್ಕೆ ಸರಿಯಾಗಿ ಮುದ್ರೆಯ ತಾರೀಖು ತಿರುಗಿಸುತ್ತೇನೆ.
ಹಲ್ಲುಚಕ್ರ ಕಟಕ್ಕೆನ್ನುತ್ತದೆ; ಅಲ್ಲಿಗೆ ಇವತ್ತು ಮುಗಿಯಿತು.
ಒಂದು ನಿಮಿಷ ತಡವಾಗಿ ಬಂದ ಕಾಗದ
ನಾಳೆಯ ಕಾಗದ.
ನಾಳೆಗೆ ಇಪ್ಪತ್ತೈದು ಡಾಲರ್.
ನಾಡಿದ್ದಿಗೆ ಐವತ್ತು.

ಶಾಸನಸಭೆಯ ನೆಲಮಾಳಿಗೆಯಲ್ಲಿ ನನ್ನ ಮೇಜು.
ಕಿಟಕಿಯೇನೋ ಇದೆ, ಕಾಣುವುದು ಮಾತ್ರ ಬರೀ ಕಾಲುಗಳು:
ಹಿಮ ಮೆತ್ತಿದ ಬೂಟು, ಮಿರಮಿರ ಮಿಂಚುವ ಬೂಟು,
ಯಾರ ಕಾಲು ಯಾರ ಹಿಂದೆ ಹೋಯಿತೆಂದು
ಹತ್ತೊಂಬತ್ತು ಚಳಿಗಾಲ ನೋಡಿದ್ದೇನೆ.
ಮುಖ ಬೇಕಾದರೆ ಕಡತ ಬಿಚ್ಚಬೇಕು.
ಯಾರು ಕೊಟ್ಟರು, ಎಷ್ಟು ಕೊಟ್ಟರು, ಯಾವತ್ತು ಕೊಟ್ಟರು,
ಏನು ಕಸುಬು, ಎಲ್ಲಿ ಮನೆ.

ಮಿಸೌರಿ ಹೆಪ್ಪುಗಟ್ಟುವ ವಾರ
ಹೇಮರ್ ಕೌಂಟಿಯಿಂದ ದಪ್ಪ ಲಕೋಟೆಯೊಂದು ಬಂತು.
ಖಜಾಂಚಿ: ಓರ್ಫಾ ಟ್ವೈಟ್.
ರಸ್ತೆ ಸಮಿತಿಗೆ ನಿಂತು ಸೋತ ಲೋವೆಲ್ ಸ್ಕಾರನ ಲೆಕ್ಕ,
ಹನ್ನೊಂದು ದಿನ ತಡ.
ಪೆನ್ಸಿಲಿನಲ್ಲಿ ಬರೆದು ಮೇಲೆ ಪೆನ್ನಾಡಿಸಿದ ಅಕ್ಷರ.
ಕ್ಷೌರಿಕ ಎಲ್ಡನ್ ಹಾಫ್, ನಲವತ್ತು.
ರೂಬಾರ್ಬ್ ಪೈ ಮಾರಾಟ, ಇನ್ನೂರ ಹನ್ನೆರಡೂವರೆ
(ಆ ಅರ್ಧ ಡಾಲರ್ ಯಾವುದೋ ಮಗುವಿನದಿರಬೇಕು).
ಖರ್ಚು: ಗೂಟ, ಬಣ್ಣ, ಮೊಳೆ.
ಉಳಿದ ಮೊಳೆ ಅಂಗಡಿಗೆ ವಾಪಸು, ಮೂರು ಡಾಲರ್ ಜಮಾ.
ಕೊನೆಯ ಹಾಳೆಯಲ್ಲಿ, "ಇತರೆ" ಎಂಬ ಕಿರಿದಾದ ಕಾಲಮಿನಲ್ಲಿ
ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು:
"ಗಡುವಿನ ದಿನ ನನ್ನ ತಂಗಿಯ ಉಸಿರು ನಿಲ್ಲುವುದರಲ್ಲಿತ್ತು.
ನಾನು ಅದನ್ನು ಎಣಿಸುತ್ತ ಕೂತಿದ್ದೆ.
ನೆಪವಲ್ಲ. ಕಾರಣ ಕೇಳಿದ್ದೀರಿ, ಬರೆದೆ."

ನಿಯಮದಲ್ಲಿ ಉಸಿರಿಗೆ ಕಾಲಮಿಲ್ಲ.
ಹನ್ನೊಂದನ್ನು ಇಪ್ಪತ್ತೈದರಿಂದ ಗುಣಿಸಿದೆ.
ಇನ್ನೂರ ಎಪ್ಪತ್ತೈದು.
ಅಷ್ಟೂ ಪೈ ಮಾರಿದರೂ ಸಾಲದು.

ಅದೇ ಟಪಾಲಿನಲ್ಲಿ ಇನ್ನೊಂದು, ತೆಳ್ಳಗಿನದು.
"ನಾಳೆಯ ಬಯಲಿಗಾಗಿ ನೆರೆಹೊರೆಯವರು."
ನೆರೆಯೂ ಇಲ್ಲ, ಹೊರೆಯೂ ಇಲ್ಲ,
ಅಂಚೆಪೆಟ್ಟಿಗೆಯ ಸಂಖ್ಯೆಯೊಂದೇ ವಿಳಾಸ.
ಮತದಾನಕ್ಕೆ ಆರು ದಿನ ಮೊದಲು ಒಪ್ಪಿಸಬೇಕಾದ ಲೆಕ್ಕಕ್ಕೆ
ಮತದಾನದ ಮಾರನೆಯ ದಿನದ ಮುದ್ರೆ.
ನಾಲ್ಕು ಲಕ್ಷ. ಒಂದೇ ಸಾಲು. ಒಂದೇ ಹೆಸರು.
ಜೊತೆಗೆ ಪಿನ್ನು ಚುಚ್ಚಿದ ಚೆಕ್ಕು:
ನಾನು ಕೇಳುವ ಮೊದಲೇ ದಂಡ, ಸೆಂಟಿಗೆ ಸೆಂಟು ಸರಿ,
ನೂರ ಎಪ್ಪತ್ತೈದು.
ಚೆಕ್ಕಿನ ತಾರೀಖು ನೋಡಿದೆ.
ಸೆಪ್ಟೆಂಬರ್ ಇಪ್ಪತ್ತು.

ಇನ್ನೊಮ್ಮೆ ನೋಡಿದೆ.

ತಡವಾಗುವುದಕ್ಕೆ ತಿಂಗಳು ಮುಂಚೆಯೇ
ತಡಕ್ಕೆಂದು ಹಣ ತೆಗೆದಿಟ್ಟಿದ್ದರು.
ಇದಕ್ಕೆ ದಂಡ ಅನ್ನುತ್ತಾರೆಯೇ? ಬಾಡಿಗೆ ಇದು,
ಏಳು ದಿನದ ಕತ್ತಲೆಗೆ ಕೊಟ್ಟ ಬಾಡಿಗೆ,
ಅದೂ ಅಗ್ಗದ ಬಾಡಿಗೆ.
ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ.
ಆ ಬಾಗಿಲಿನ ಚಿಲಕ ನಾನು.

"ಕಾನೂನು ಇಬ್ಬರಿಗೂ ಒಂದೇ, ದಿನಕ್ಕೆ ಇಪ್ಪತ್ತೈದೇ" ಅಂದಳು
ಪಕ್ಕದ ಮೇಜಿನ ಗ್ವೆನೆತ್, ಸೂಪು ಬಿಸಿಮಾಡುತ್ತ.
ಹೌದು. ಒಂದೇ.
ಆದರೂ ಓರ್ಫಾಳ ನೋಟೀಸಿನೊಳಗೆ
ಮನ್ನಾ ಕೋರುವ ಅರ್ಜಿಯೊಂದನ್ನು ಮಡಿಸಿಟ್ಟೆ,
ಸಹಿ ಎಲ್ಲಿ ಹಾಕಬೇಕೋ ಅಲ್ಲೊಂದು ಹಳದಿ ಚೀಟಿ ಅಂಟಿಸಿ.

ಅರ್ಜಿ ಖಾಲಿಯೇ ಮರಳಿತು. ಚೀಟಿಯೂ.
ಜೊತೆಗೆ ಮನಿಯಾರ್ಡರು, ಮತ್ತೊಂದು ಹೊಸ ಲೆಕ್ಕಪತ್ರ:
"ಸಮಿತಿಯಲ್ಲಿ ಕಾಸಿಲ್ಲ. ದಂಡ ನಾನು ಕಟ್ಟುತ್ತಿದ್ದೇನೆ.
ಹಾಗಾದರೆ ಇದೂ ದೇಣಿಗೆಯೇ ತಾನೆ? ದಾಖಲಿಸಿ.
ಓರ್ಫಾ ಟ್ವೈಟ್. ಇನ್ನೂರ ಎಪ್ಪತ್ತೈದು.
ಕಸುಬು: ಶಾಲೆಯ ಬಸ್ ಓಡಿಸುತ್ತಿದ್ದೆ, ಮೂವತ್ತೊಂದು ವರ್ಷ,
ಒಂದು ದಿನವೂ ತಡವಾಗಿಲ್ಲ."

ಗೋಡೆಯ ಗಡಿಯಾರ ನಾಲ್ಕು ಐವತ್ತು ತೋರಿಸುತ್ತಿತ್ತು.
ಕಿಟಕಿಯಾಚೆ ಮಿರಮಿರ ಬೂಟೊಂದು ಹಿಮ ಕೊಡವಿಕೊಂಡು ಹೋಯಿತು.
ಮುದ್ರೆಯನ್ನು ಶಾಯಿಗೆ ಅದ್ದಿ, ಎರಡೂ ಕೈಯಿಂದ ಒತ್ತಿದೆ.
ಇನ್ನೂ ಇವತ್ತೇ.